ಎಣಿಕೆಗೆ ಸಿಗದ ‘ಮೈಸೂರು ಸೊಳ್ಳೆ’: ವಿಜ್ಞಾನಿಗಳ ಉಲ್ಲೇಖದ ಲೆಕ್ಕ ಓದುವುದು ಹೇಗೆ?

ಚಿತ್ರದುರ್ಗ: ವಿಶ್ವದ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ತಮ್ಮ ಅಧ್ಯಾಪಕರಿಗೆ ಸ್ಥಾನ ದೊರೆತಿದೆ ಎಂಬ ಪ್ರಕಟಣೆಗಳು ಪ್ರತಿವರ್ಷ ರಾಜ್ಯದ ಕಾಲೇಜು, ವಿಶ್ವವಿದ್ಯಾಲಯಗಳಿಂದ ಪತ್ರಿಕಾ ಕಚೇರಿಗಳಿಗೆ ಬರುತ್ತವೆ. ಇಂತಿಷ್ಟು ಪ್ರಬಂಧ, ಇಂತಿಷ್ಟು ಉಲ್ಲೇಖ, ಇಂತಿಷ್ಟು ಎಚ್‌-ಇಂಡೆಕ್ಸ್ ಎಂಬ ಅಂಕಿಗಳೂ ಜೊತೆಗಿರುತ್ತವೆ. ಪರೀಕ್ಷೆಯ ಅಂಕಪಟ್ಟಿ ನೋಡಿ ರೂಢಿಯಾದವರು ಇದನ್ನೂ ಹಾಗೆಯೇ ಓದುತ್ತಾರೆ. ಔಷಧ, ರೋಗ, ಚಿಕಿತ್ಸೆಗೆ ಸಂಬಂಧಿಸಿದ ಸಂಶೋಧನೆಯಲ್ಲಿ ಈ ಓದು ಎಷ್ಟು ಸರಿ ಎಂಬುದಕ್ಕೆ ಕರ್ನಾಟಕದಲ್ಲೇ ನಡೆದ ಮಲೇರಿಯಾ ಸಂಶೋಧನೆ ಒಳ್ಳೆಯ ಉದಾಹರಣೆ.

ಒಂದು ಸಂಶೋಧನಾ ಪ್ರಬಂಧವನ್ನು ಮತ್ತೊಂದು ಪ್ರಬಂಧ ತನ್ನ ಆಕರಗಳ ಸಾಲಿನಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಮೆಚ್ಚಿ ಹೆಸರಿಸಿದರೂ ಒಂದು, ತಪ್ಪೆಂದು ಖಂಡಿಸಿ ಹೆಸರಿಸಿದರೂ ಒಂದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಈ ಎಣಿಕೆಯ ಕಲ್ಪನೆಯನ್ನು ಮುಂದಿಟ್ಟರು. 1964ರಲ್ಲಿ ಅವರ ಸಂಸ್ಥೆಯ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರಬಂತು. ಯಾವ ಪ್ರಬಂಧದಿಂದ ಯಾವ ಪ್ರಬಂಧ ಹುಟ್ಟಿತೆಂದು ಹುಡುಕಲು ಗ್ರಂಥಾಲಯಗಳಿಗೆ ನೆರವಾಗಲೆಂದು ರೂಪುಗೊಂಡ ಸಾಧನ ಕಾಲಕ್ರಮೇಣ ವಿಜ್ಞಾನಿಗಳನ್ನು ತೂಗುವ ತಕ್ಕಡಿಯಾಯಿತು.

ಎಚ್‌-ಇಂಡೆಕ್ಸ್ 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ ಅಳತೆ. ಒಬ್ಬರ 12 ಪ್ರಬಂಧಗಳಿಗೆ ತಲಾ ಕನಿಷ್ಠ 12 ಉಲ್ಲೇಖ ಇದ್ದರೆ ಅವರ ಎಚ್‌-ಇಂಡೆಕ್ಸ್ 12. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು ಅದಕ್ಕೆ 300 ಉಲ್ಲೇಖ ಪಡೆದವರ ಎಚ್‌-ಇಂಡೆಕ್ಸ್ ಕೇವಲ 1! ಇನ್ನು ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬುದು ವ್ಯಕ್ತಿಯ ಅಳತೆಯೇ ಅಲ್ಲ. ಜರ್ನಲ್ ಒಂದರ ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬ ಲೆಕ್ಕವಷ್ಟೇ. ಇವೆರಡನ್ನೂ ಬೆರೆಸಿ ಬರೆದ ಪ್ರಕಟಣೆಗಳಿಗೆ ಕೊರತೆಯಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರ ಪ್ರಕಟಣೆಗಳನ್ನು ಗಮನಿಸಬಹುದು. 1938ರಲ್ಲಿ ಮದ್ರಾಸಿನಲ್ಲಿ ಜನಿಸಿದ ಅವರು 1966ರಲ್ಲಿ ಇದೇ ಸಂಸ್ಥೆಯಿಂದ ಪಿಎಚ್‌.ಡಿ ಪಡೆದು, 1994ರಿಂದ 1998ರವರೆಗೆ ಅದರ ನಿರ್ದೇಶಕರಾಗಿದ್ದರು. 2003ರಲ್ಲಿ ಪದ್ಮಭೂಷಣ, 2024ರಲ್ಲಿ ಮೊದಲ ‘ವಿಜ್ಞಾನ ರತ್ನ’ ಪುರಸ್ಕಾರ ಅವರಿಗೆ ಸಂದಿವೆ.

1992ರಲ್ಲಿ ನಮಿತಾ ಸುರೋಲಿಯಾ ಅವರೊಂದಿಗೆ ಪ್ರಕಟಿಸಿದ ಪ್ರಬಂಧದಲ್ಲಿ ಪದ್ಮನಾಭನ್ ಅಚ್ಚರಿಯ ಸಂಗತಿಯೊಂದನ್ನು ತಿಳಿಸಿದರು. ಮಲೇರಿಯಾ ಪರಾವಲಂಬಿ ನೆಲೆಸುವುದು ಮನುಷ್ಯನ ಕೆಂಪು ರಕ್ತಕಣದಲ್ಲಿ. ಅಲ್ಲಿ ಹೀಮ್ ಎಂಬ ಕಬ್ಬಿಣಯುಕ್ತ ವಸ್ತು ಹೇರಳವಾಗಿದೆ. ಆದರೂ ಈ ಜೀವಿ ತನಗೆ ಬೇಕಾದ ಹೀಮ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯನ್ನು ತಡೆದರೆ ಔಷಧಕ್ಕೆ ಹೊಸ ದಾರಿ ಸಿಗಬಹುದು ಎಂಬುದು ಪ್ರಬಂಧದ ಸಾರ. ಈ ಮಾರ್ಗವನ್ನು ಹಿಡಿದು ಮುಂದಿನ ವರ್ಷಗಳಲ್ಲಿ ಅವರ ಪ್ರಯೋಗಾಲಯದಿಂದಲೇ ಹಲವು ಪ್ರಬಂಧಗಳು ಹೊರಬಂದವು.

2013ರಲ್ಲಿ ಅದೇ ತಂಡ ‘ಪ್ಲಾಸ್ ಪ್ಯಾಥೊಜೆನ್ಸ್’ ಜರ್ನಲ್‌ನಲ್ಲಿ ಮತ್ತೊಂದು ಫಲಿತಾಂಶ ಪ್ರಕಟಿಸಿತು. ಇಲಿಗಳಿಗೆ ಮಲೇರಿಯಾ ತರುವ ‘ಬರ್ಘೈ’ ಪರಾವಲಂಬಿಯಲ್ಲಿ ಹೀಮ್ ತಯಾರಿಕೆಯ ವಂಶವಾಹಿಗಳನ್ನೇ ತೆಗೆದುಹಾಕಿ ನೋಡಿದಾಗ, ರಕ್ತದಲ್ಲಿ ಅದು ಬದುಕಿ ಬೆಳೆಯಿತು. ಸೊಳ್ಳೆಯ ದೇಹದಲ್ಲಿ ಹಾಗೂ ಯಕೃತ್ತಿನ ಹಂತದಲ್ಲಿ ಮಾತ್ರ ಅದರ ಬೆಳವಣಿಗೆ ನಿಂತಿತು. ಅಂದರೆ 21 ವರ್ಷಗಳ ಹಿಂದೆ ತಾವೇ ತೋರಿಸಿದ ಗುರಿಯನ್ನು ತಂಡ ರಕ್ತದಿಂದ ಸೊಳ್ಳೆ ಮತ್ತು ಯಕೃತ್ತಿನ ಕಡೆಗೆ ಸರಿಸಿತು. ತನ್ನ ಮಾತನ್ನು ತಾನೇ ಪರೀಕ್ಷೆಗೆ ಒಡ್ಡಿ ತಿದ್ದುವುದು ವಿಜ್ಞಾನಿಯ ದೊಡ್ಡ ಗುಣ. ಉಲ್ಲೇಖದ ಎಣಿಕೆಯಲ್ಲಿ ಇದಕ್ಕೆ ಪ್ರತ್ಯೇಕ ಅಂಕಣವಿಲ್ಲ. ಹಳೆಯ ಪ್ರಬಂಧದ ಉಲ್ಲೇಖಗಳೂ ಹೊಸದರ ಉಲ್ಲೇಖಗಳೂ ಒಂದೇ ಮೊತ್ತಕ್ಕೆ ಸೇರುತ್ತವೆ.

ಇವೆರಡರ ನಡುವೆ, 2005ರಲ್ಲಿ, ಪದ್ಮನಾಭನ್ ಮತ್ತು ಪಿ.ಎನ್. ರಂಗರಾಜನ್ ಅವರ ತಂಡ ಅರಿಶಿನದ ಕರ್ಕ್ಯುಮಿನ್ ಕುರಿತು ಮೂರೇ ಪುಟಗಳ ಪ್ರಬಂಧ ಪ್ರಕಟಿಸಿತು. ಸೋಂಕಿತ ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿದಾಗ ರಕ್ತದಲ್ಲಿನ ಪರಾವಲಂಬಿಗಳ ಪ್ರಮಾಣ ಶೇ 80ರಿಂದ 90ರಷ್ಟು ತಗ್ಗಿತೆಂದು ಅದರಲ್ಲಿದೆ. ಕರ್ಕ್ಯುಮಿನ್ ಮೇಲೆ ವಿಶ್ವದಾದ್ಯಂತ ಸಾವಿರಾರು ಪ್ರಬಂಧಗಳು ಬರುವುದರಿಂದ ಇಂಥ ವಿಷಯದಲ್ಲಿ ಉಲ್ಲೇಖ ಸಿಗುವುದು ಸುಲಭ. ಬಾಯಿಯ ಮೂಲಕ ಸೇವಿಸಿದ ಕರ್ಕ್ಯುಮಿನ್ ಮನುಷ್ಯನ ರಕ್ತಕ್ಕೆ ಸೇರುವುದು ಅತ್ಯಲ್ಪ ಎಂಬ ತೊಡಕು ಮಾತ್ರ ಉಳಿದಿದೆ. ಜ್ವರ ಬಂದಾಗ ಅರಿಶಿನದ ಹಾಲು ಕುಡಿದು ಸುಮ್ಮನಿರಲು ಈ ಪ್ರಬಂಧ ಆಧಾರವಾಗದು.

ಬರ್ಘೈ ಪರಾವಲಂಬಿಯ ಪ್ರಯೋಗಗಳಿಗೆ ಜಗತ್ತಿನ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಸಾಕುವ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಈ ಸೊಳ್ಳೆಯ ಒಂದು ಬಗೆಗೆ ನಮ್ಮ ನಾಡಿನ ಹೆಸರಿದೆ: ‘ಮೈಸೊರೆನ್ಸಿಸ್’. ಡಬ್ಲ್ಯು.ಸಿ. ಸ್ವೀಟ್ ಹಾಗೂ ಬಿ.ಎ. ರಾವ್ 1937ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಅದನ್ನು ವಿವರಿಸಿದರು. ಸೊಳ್ಳೆಯ ಮೊಟ್ಟೆ ನೀರಿನ ಮೇಲೆ ತೇಲಲು ಇಕ್ಕೆಲಗಳಲ್ಲಿ ಗಾಳಿ ತುಂಬಿದ ತೆಪ್ಪದಂಥ ಭಾಗವಿರುತ್ತದೆ. ಅದರ ಮೇಲಿನ ಏಣುಗಳ ಸಂಖ್ಯೆ ಎಲ್ಲ ಸ್ಟೀಫೆನ್ಸಿಗಳಲ್ಲೂ ಒಂದೇ ಆಗಿಲ್ಲ ಎಂಬುದು ಅವರು ಕಂಡ ವ್ಯತ್ಯಾಸ. ಮರುವರ್ಷ ಎ.ಎಂ. ಸುಬ್ಬರಾವ್ ಅವರನ್ನೂ ಕೂಡಿಕೊಂಡು ಮೊಟ್ಟೆಗಳ ಅಳತೆ ಮತ್ತು ಎರಡು ಬಗೆಗಳ ಮಿಶ್ರತಳಿಯ ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು. 1987ರಲ್ಲಿ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ಈ ಏಣುಗಳನ್ನು ಮತ್ತೆ ಎಣಿಸಿ, ನಗರದ ಬಗೆಯಲ್ಲಿ 14ರಿಂದ 22, ಮೈಸೊರೆನ್ಸಿಸ್‌ನಲ್ಲಿ 9ರಿಂದ 15 ಇರುತ್ತವೆಂದೂ ನಡುವಿನದೊಂದು ಬಗೆಯೂ ಇದೆಯೆಂದೂ ತೋರಿಸಿದರು.

ಮೊಟ್ಟೆಯ ಏಣು ಎಣಿಸುವುದರಿಂದ ಯಾರಿಗೇನು ಲಾಭ ಎಂಬ ಪ್ರಶ್ನೆಗೆ ಉತ್ತರ ಆಫ್ರಿಕಾದಿಂದ ಬಂತು. 2012ರಲ್ಲಿ ಜಿಬೂಟಿಯಲ್ಲಿ ಸ್ಟೀಫೆನ್ಸಿ ಕಾಣಿಸಿಕೊಂಡಿತು. 2016ರಲ್ಲಿ ಇಥಿಯೋಪಿಯಾ, ಸುಡಾನ್, 2019ರಲ್ಲಿ ಸೊಮಾಲಿಯಾ, 2020ರಲ್ಲಿ ನೈಜೀರಿಯಾದಲ್ಲೂ ಪತ್ತೆಯಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿತು. ಸೊಳ್ಳೆ ಖಂಡದಾದ್ಯಂತ ಹರಡಿದರೆ ಆಫ್ರಿಕಾದ ನಗರಗಳ 12.6 ಕೋಟಿ ಜನ ಅಪಾಯಕ್ಕೆ ಸಿಲುಕಬಹುದೆಂದು 2020ರ ಅಧ್ಯಯನವೊಂದು ಅಂದಾಜಿಸಿದೆ. ಬಂದಿರುವುದು ನಗರದ ಬಗೆಯೋ ಗ್ರಾಮೀಣ ಬಗೆಯೋ, ಈ ವಿಂಗಡಣೆಗೆ ಅರ್ಥವಿದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿ 1937ರ ಪ್ರಬಂಧ ಮತ್ತೆ ಮೇಲೆದ್ದಿದೆ.

ಲೇಖಕರಿಗೆ ಇದರಿಂದ ಸಿಗುವ ಸ್ಥಾನವೇನು? ಏನೂ ಇಲ್ಲ. ಶೇ 2ರ ಪಟ್ಟಿ ಸ್ಕೋಪಸ್ ದತ್ತಾಂಶವನ್ನು ಆಧರಿಸಿದ್ದು, ಉಲ್ಲೇಖಗಳನ್ನು ಎಣಿಸುವುದು 1996ರಿಂದ ಈಚೆಗೆ ಮಾತ್ರ. ಕನಿಷ್ಠ ಐದು ಪ್ರಬಂಧಗಳು ಆ ದತ್ತಾಂಶದಲ್ಲಿ ಇರಬೇಕು. ಮೂವತ್ತರ ದಶಕದಲ್ಲಿ ಬರೆದವರಿಗೆ ಈ ಬಾಗಿಲು ತೆರೆದಿಲ್ಲ. ಸಮಾಧಾನದ ಸಂಗತಿಯೆಂದರೆ, ಗೆಜೆಟ್‌ನ ಹಳೆಯ ಸಂಚಿಕೆಗಳು ಈಗ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತವಾಗಿ ಓದಲು ಲಭ್ಯ.

ಚಿತ್ರದುರ್ಗ ಜಿಲ್ಲೆಗೆ ಈ ಸೊಳ್ಳೆಯ ಕಥೆ ದೂರದ್ದಲ್ಲ. ಸ್ಟೀಫೆನ್ಸಿ ಮೊಟ್ಟೆಯಿಡುವುದು ಬಾವಿ, ತೊಟ್ಟಿ, ಮಾಳಿಗೆಯ ಟ್ಯಾಂಕಿನಂಥ ಸಂಗ್ರಹಿತ ನೀರಿನಲ್ಲಿ. ಮಳೆ ಕಡಿಮೆಯಿರುವ ಹೊಸದುರ್ಗ, ಹೊಳಲ್ಕೆರೆಯ ಕಡೆ ನೀರು ಕೂಡಿಡದ ಮನೆ ಅಪರೂಪ. ಹಿರಿಯೂರಿನ ಬಳಿ ವೇದಾವತಿಗೆ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಕೆಳಗಿನ ಕಾಲುವೆ ಪ್ರದೇಶದಂಥ ನೀರಾವರಿ ಸೀಮೆಗಳು ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಎಂಬ ಮತ್ತೊಂದು ಸೊಳ್ಳೆಗೆ ಒಗ್ಗುತ್ತವೆ. ಯಾವ ಊರಿನಲ್ಲಿ ಯಾವ ಸೊಳ್ಳೆ ಎಂಬ ಸ್ಥಳೀಯ ಸಮೀಕ್ಷೆ ಜಿಲ್ಲಾ ಆರೋಗ್ಯಾಧಿಕಾರಿಗೆ ಅತ್ಯಗತ್ಯ. ಆದರೆ ಬಾಸ್ಟನ್ನಿನ ಸಂಶೋಧಕರು ಅದನ್ನು ಉಲ್ಲೇಖಿಸುವ ಸಂದರ್ಭ ಕಡಿಮೆ. ಉಲ್ಲೇಖಕ್ಕಾಗಿಯೇ ವಿಷಯ ಆರಿಸುವ ಯುವ ಅಧ್ಯಾಪಕರು ಇಂಥ ಕೆಲಸದಿಂದ ದೂರ ಉಳಿದರೆ ನಷ್ಟ ಊರಿನದೇ.

ಅಧ್ಯಾಪಕರನ್ನು ದೂರಿ ಪ್ರಯೋಜನವಿಲ್ಲ. ಬಡ್ತಿಗೆ ಪ್ರಕಟಣೆ ಬೇಕೆಂಬ ನಿಯಮ ಬಂದ ಮೇಲೆ ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿಕೊಂಡವು. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕೈಬಿಟ್ಟಿತು. ಅದೇ ವರ್ಷ ಘೋಷಿಸಿದ ‘ಕೇರ್’ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿ, ಜರ್ನಲ್‌ಗಳ ಗುಣ ನಿರ್ಧರಿಸುವ ಹೊಣೆಯನ್ನು ಆಯಾ ಸಂಸ್ಥೆಗಳಿಗೇ ಬಿಟ್ಟಿದೆ.

ಹಾಗಾದರೆ ಶೇ 2ರ ಪಟ್ಟಿ ನಿರುಪಯುಕ್ತವೇ? ಹಾಗೆನ್ನಲಾಗದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಆರಂಭಿಸಿದ ಈ ಪಟ್ಟಿ ವಿಶ್ವವಿದ್ಯಾಲಯ ನೀಡುವ ಪ್ರಶಸ್ತಿಯಲ್ಲ. ಲೇಖಕರ ಸಾಲಿನಲ್ಲಿ ವ್ಯಕ್ತಿಯ ಸ್ಥಾನ ಮೊದಲನೆಯದೋ ಕೊನೆಯದೋ ಎಂಬುದನ್ನೂ ಅದು ಗಣಿಸುತ್ತದೆ. ಸ್ವಂತ ಪ್ರಬಂಧಗಳನ್ನು ತಾವೇ ಉಲ್ಲೇಖಿಸಿಕೊಂಡ ಪ್ರಮಾಣವನ್ನೂ ಬೇರೆಯಾಗಿ ತೋರಿಸುತ್ತದೆ. ಪಟ್ಟಿಗಳು ಎರಡು: ಇಡೀ ವೃತ್ತಿಜೀವನದ್ದೊಂದು, ಒಂದೇ ವರ್ಷದ್ದೊಂದು. ಪ್ರಕಟಣೆಗಳಲ್ಲಿ ಇದು ಯಾವುದೆಂದು ಹೇಳದೇ ಬಿಡುವುದೇ ಹೆಚ್ಚು. 2024ರಿಂದ ಹಿಂಪಡೆದ ಪ್ರಬಂಧಗಳ ಸಂಖ್ಯೆಯನ್ನೂ ಪಟ್ಟಿಯಲ್ಲಿ ಸೇರಿಸಲಾಗಿದ್ದು, ಸಂಶೋಧಕರ ಹೆಸರಿನ ಸಾಲಿನಲ್ಲೇ ಅದನ್ನು ಯಾರು ಬೇಕಾದರೂ ನೋಡಬಹುದು.