ಸೇರಿದ ತಾರೀಖು

2024ರ ಮೇ 8. ಓಟು ಹಾಕಲು ಊರಿಗೆ ಹೋಗಿದ್ದೆ. ಹಿಂದಿನ ದಿನವಷ್ಟೇ ಲೋಕಸಭೆ ಚುನಾವಣೆ, ಜೊತೆಗೆ ಸುರಪುರದಲ್ಲಿ ವಿಧಾನಸಭೆ ಉಪಚುನಾವಣೆಯೂ ಮುಗಿದಿತ್ತು. ಬೆಂಗಳೂರಿಗೆ ಹೊರಡುವ ಮುಂಚೆ ಶಹಾಪುರದ ಕಾಕಾನ ಮನೆಗೆ ಹೋದೆ. ಟಿವಿಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸುದ್ದಿ. ಕ್ಯಾಬಿನ್ ಸಿಬ್ಬಂದಿ ಒಟ್ಟಿಗೇ ಸಿಕ್ ಲೀವ್ ಹಾಕಿದ್ದರು, 80ಕ್ಕೂ ಹೆಚ್ಚು ವಿಮಾನ ರದ್ದಾಗಿದ್ದವು.

"ಇಷ್ಟು ಚಂದ ಅರಿವಿ ಹಾಕ್ಕೊಂಡು ಆಕಾಶದಾಗ ಹಾರೋರಿಗೂ ಪಗಾರದ ತಕರಾರ ಐತೇನು ತಮ್ಮಾ?" ಕಾಕಾ ಕೇಳಿದರು. ಅವರು ನಿವೃತ್ತ ಮಾಸ್ತರು. ಅವರ ಮಗಳು, ನಮ್ಮ ಅಕ್ಕ, ಕೂಡ ಟೀಚರ್. ಹಿಂದಿನ ರಾತ್ರಿ ಎಲೆಕ್ಷನ್ ಡ್ಯೂಟಿ ಮುಗಿಸಿ ಬಂದು ಸುಸ್ತಾಗಿ ಕೂತಿದ್ದಳು.

ತಕರಾರು ಇತ್ತು. ಟಾಟಾದವರು ಏರ್ ಇಂಡಿಯಾ ಎಕ್ಸ್‌ಪ್ರೆಸ್ಸನ್ನೂ ಬೆಂಗಳೂರಿನ ಏರ್ ಏಷ್ಯಾ ಇಂಡಿಯಾವನ್ನೂ ಒಂದು ಮಾಡುತ್ತಿದ್ದರು. ಎಲ್ಲರನ್ನೂ ಸಮಾನವಾಗಿ ನೋಡುತ್ತಿಲ್ಲ, ಸೀನಿಯರ್ ಹುದ್ದೆಯ ಇಂಟರ್‌ವ್ಯೂ ಪಾಸಾದವರಿಗೂ ಕೆಳಗಿನ ಹುದ್ದೆ ಕೊಟ್ಟಿದ್ದಾರೆ ಅಂತ ಯೂನಿಯನ್ ದೂರಿತ್ತು. ಕಂಪನಿ ಸುಮಾರು 25 ಜನರನ್ನು ಕೆಲಸದಿಂದ ತೆಗೆಯಿತು. ಮರುದಿನ ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ರಾಜಿಯಾಗಿ, ಅವರನ್ನು ವಾಪಸ್ ತಗೊಂಡರು.

ಅಲ್ಲಿ ಜಗಳ ಎರಡು ಕಂಪನಿಗಳ ಸಿಬ್ಬಂದಿಯದು. ಆದರೆ ಒಂದೇ ಕಂಪನಿಯೊಳಗೆ ಸೇರಿದ ತಾರೀಖು ನೋಡಿ ಸಂಬಳ ಇಬ್ಭಾಗ ಮಾಡುವುದೂ ವಿಮಾನ ಲೋಕದ ಹಳೆಯ ಕಥೆ. 1978ರಲ್ಲಿ ಅಮೆರಿಕ ವಿಮಾನಯಾನದ ಮೇಲಿನ ನಿಯಂತ್ರಣ ತೆಗೆದಾಗ ಕಡಿಮೆ ದರದ ಹೊಸ ಕಂಪನಿಗಳು ಹುಟ್ಟಿದವು. 1983ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು ಉಪಾಯ ಹೂಡಿತು: ಇರುವವರ ಸಂಬಳ ಮುಟ್ಟುವುದಿಲ್ಲ, ಇನ್ನು ಮುಂದೆ ಸೇರುವವರಿಗೆ ಮಾತ್ರ ಕಡಿಮೆ. ಇದಕ್ಕೆ 'ಬಿ ಸ್ಕೇಲ್' ಅಂತ ಹೆಸರು ಬಿತ್ತು. ಯೂನಿಯನ್‌ಗಳು ಒಪ್ಪಿದವು. ಒಪ್ಪದೆ ಏನು? ನಷ್ಟ ಆಗುವವರು ಇನ್ನೂ ಕೆಲಸಕ್ಕೇ ಸೇರಿರಲಿಲ್ಲ, ಓಟು ಹಾಕುವವರು ಹಳಬರೇ.

ಬ್ರಿಟಿಷ್ ಏರ್‌ವೇಸ್ ಕೂಡ 2010ರಲ್ಲಿ ಹೊಸಬರಿಗಾಗಿಯೇ 'ಮಿಕ್ಸ್ಡ್ ಫ್ಲೀಟ್' ಎಂಬ ಬೇರೆ ತಂಡ ಕಟ್ಟಿತು. ಅದೇ ಟ್ರಾಲಿ, ಅದೇ ನಗು, ಕಡಿಮೆ ಸಂಬಳ. ಒಂದೊಂದೇ ಮಾರ್ಗ ಅವರ ಕೈಗೆ ಹೋಯಿತು. 2017ರಲ್ಲಿ ಈ ಹೊಸಬರು ಹಲವು ಸಲ ಮುಷ್ಕರ ಹೂಡಿದರು. 2020ರ ಕೊರೊನಾ ಕಾಲದಲ್ಲಿ ಕಂಪನಿ ಎಲ್ಲ ತಂಡಗಳನ್ನೂ ಒಂದು ಮಾಡಿತು. ಸಮಾನತೆ ಬಂತು, ಆದರೆ ಹಳಬರ ಸಂಬಳ ಇಳಿಸಿ! ಹತ್ತು ವರ್ಷ ಉಳಿದದ್ದು ಹತ್ತೇ ವರ್ಷ.

ಇಷ್ಟು ಹೇಳಿ ಮುಗಿಸಿದಾಗ ಅಕ್ಕ ಅಂದಳು, "ನಮ್ಮ ಮನ್ಯಾಗೂ ಬಿ ಸ್ಕೇಲ್ ಐತಲ್ಲೋ."

ಹೌದು. ಕಾಕಾಗೆ ಹಳೆ ಪಿಂಚಣಿ ಬರುತ್ತದೆ. 2006ರ ಏಪ್ರಿಲ್ 1ರಿಂದ ರಾಜ್ಯ ಸರಕಾರಿ ಕೆಲಸಕ್ಕೆ ಸೇರಿದವರಿಗೆ ಅದಿಲ್ಲ, ಎನ್‌ಪಿಎಸ್. ಪ್ರತಿ ತಿಂಗಳು ಮೂಲವೇತನ ಮತ್ತು ತುಟ್ಟಿಭತ್ಯೆಯ 10% ಕಟಾವು, ಸರಕಾರದ ಪಾಲೂ ಸೇರಿ ಮಾರುಕಟ್ಟೆಗೆ ಹೋಗುತ್ತದೆ. ಕೊನೆಗೆ ಎಷ್ಟು ಸಿಗುತ್ತದೋ ಖಾತ್ರಿಯಿಲ್ಲ. ಅಕ್ಕ ಸೇರಿದ್ದು 2009ರಲ್ಲಿ.

2023ರ ಮಾರ್ಚ್ 1ರ ಮುಷ್ಕರ ನೆನಪಿದೆಯಾ? ನೌಕರರ ಬೇಡಿಕೆ ಎರಡು: ವೇತನ ಹೆಚ್ಚಳ, ಹಳೆ ಪಿಂಚಣಿ. ಎಲ್ಲರಿಗೂ ಬೇಕಿದ್ದ ವೇತನಕ್ಕೆ ಅವತ್ತೇ 17% ಮಧ್ಯಂತರ ಪರಿಹಾರ ಸಿಕ್ಕಿತು. ಹೊಸಬರಿಗೆ ಮಾತ್ರ ಬೇಕಿದ್ದ ಪಿಂಚಣಿಗೆ ಸಿಕ್ಕಿದ್ದು ಒಂದು ಸಮಿತಿ. ಮುಷ್ಕರ ಅವತ್ತೇ ಮುಗಿಯಿತು. 2024ರ ಜನವರಿಯಲ್ಲಿ ಸುಮಾರು 13,000 ಜನಕ್ಕೆ ಹಳೆ ಪಿಂಚಣಿ ವಾಪಸ್ ಬಂತು. ಅವರು ಸೇರಿದ್ದು 2006ರ ಗೆರೆ ದಾಟಿದ ಮೇಲೆ, ಆದರೆ ನೇಮಕಾತಿ ಅಧಿಸೂಚನೆ ಬಂದದ್ದು ಅದಕ್ಕೂ ಮುಂಚೆ. ಅಕ್ಕನದು ಅಧಿಸೂಚನೆಯೂ ಆಮೇಲಿನದೇ.

ನಾವು ಐಟಿಯವರೇನು ಕಮ್ಮಿ? ಹೊಸಬನಿಗೆ ನಮಗಿಂತ ಜಾಸ್ತಿ ಕೊಟ್ಟರೆ ಹೊಟ್ಟೆ ಉರಿದುಕೊಳ್ಳುತ್ತೇವೆ. ಫ್ರೆಶರ್‌ಗಳ ಆಫರ್ ವರ್ಷಗಟ್ಟಲೆ ಏರದಿದ್ದರೆ ನಮ್ಮಲ್ಲಿ ಒಬ್ಬನೂ ಬಾಯಿ ಬಿಡುವುದಿಲ್ಲ.

ಕಾಕಾ ಟಿವಿ ಸೌಂಡ್ ಕಡಿಮೆ ಮಾಡಿದರು. "2006ರಾಗ ನಾವು ಸುಮ್ನಿದ್ವಿ. ನಮಗೇನೂ ಕಡಿಮಿ ಆಗಿದ್ದಿಲ್ಲ ನೋಡು," ಅಂದರು. ಅಕ್ಕ ಏನೂ ಅನ್ನದೆ ಚಹಾ ಇಡಲು ಎದ್ದಳು.