ಬಿಡಿ ಪರೀಕ್ಷೆಗೆ ಕಾಣದ ಅಪಾಯ: ಪರಸ್ಪರ ವ್ಯವಹರಿಸುವ ಏಜೆಂಟ್‌ಗಳ ಸುರಕ್ಷತೆ

2010ರ ಮೇ 6ರ ಮಧ್ಯಾಹ್ನ ಅಮೆರಿಕದ ಷೇರುಪೇಟೆ ಕೆಲವೇ ನಿಮಿಷಗಳಲ್ಲಿ ಕುಸಿದು, ಅಷ್ಟೇ ಬೇಗ ಬಹುಪಾಲು ಚೇತರಿಸಿಕೊಂಡಿತು. ಡೌ ಜೋನ್ಸ್ ಸೂಚ್ಯಂಕ ಒಂದು ಹಂತದಲ್ಲಿ ಸುಮಾರು 1,000 ಅಂಶ ಕೆಳಗಿತ್ತು. ಅಂದು ಪೇಟೆಯಲ್ಲಿದ್ದವು ಇಂದಿನ ಅರ್ಥದ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳಲ್ಲ, ಸರಳ ನಿಯಮಗಳ ಪ್ರೋಗ್ರಾಮ್‌ಗಳು. ಆದರೂ ಗುಂಪಿನಿಂದ ಹುಟ್ಟುವ ಅಪಾಯವನ್ನು ಅರಿಯಲು ಇಷ್ಟು ಚೆನ್ನಾಗಿ ದಾಖಲಾದ ಪ್ರಕರಣ ಅಪರೂಪ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ನಿಯಂತ್ರಣ ಸಂಸ್ಥೆಗಳ ಜಂಟಿ ವರದಿಯ ಪ್ರಕಾರ, ಷೇರು ಸೂಚ್ಯಂಕದ 75,000 ಫ್ಯೂಚರ್ಸ್ ಕರಾರುಗಳನ್ನು ಮಾರಬೇಕಿದ್ದ ಒಂದು ಪ್ರೋಗ್ರಾಮ್ ಹಿಂದಿನ ನಿಮಿಷದ ವಹಿವಾಟಿನ ಶೇ. 9ರಷ್ಟನ್ನು ಬೆಲೆ, ಸಮಯಗಳ ಗೊಡವೆಯಿಲ್ಲದೆ ಮಾರುವಂತೆ ರೂಪಿತವಾಗಿತ್ತು. ಅತಿವೇಗದ ವ್ಯಾಪಾರಿ ಪ್ರೋಗ್ರಾಮ್‌ಗಳು ಅವನ್ನು ಕೊಂಡು ತಮ್ಮತಮ್ಮಲ್ಲೇ ಕೈ ಬದಲಿಸತೊಡಗಿದವು. 14 ಸೆಕೆಂಡುಗಳಲ್ಲಿ 27,000ಕ್ಕೂ ಹೆಚ್ಚು ಕರಾರುಗಳ ವಹಿವಾಟು ನಡೆಸಿದ ಅವು ನಿವ್ವಳವಾಗಿ ಕೊಂಡದ್ದು ಸುಮಾರು 200 ಮಾತ್ರ. ಈ ಪೊಳ್ಳು ಭರಾಟೆಯಿಂದ ವಹಿವಾಟಿನ ಮೊತ್ತ ಉಬ್ಬಿತು. ಉಬ್ಬಿದಷ್ಟೂ ಮೊದಲ ಪ್ರೋಗ್ರಾಮ್ ಇನ್ನೂ ವೇಗವಾಗಿ ಮಾರಿತು. ಬೆಲೆ ನೋಡದ ಆ ನಿಯಮ ಅವಿವೇಕದ್ದು, ನಿಜ. ಆದರೆ ಅದೊಂದನ್ನೇ ಪರೀಕ್ಷೆಗಿಟ್ಟರೆ ಈ ಸುಳಿ ಕಾಣುವುದೇ ಇಲ್ಲ.

ಕಲಿಯುವ ಪ್ರೋಗ್ರಾಮ್‌ಗಳಲ್ಲಿ ತೊಡಕು ಇನ್ನೂ ಸೂಕ್ಷ್ಮ. ಅರ್ಥಶಾಸ್ತ್ರಜ್ಞ ಕಾಲ್ವಾನೊ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಲೆ ಕಟ್ಟುವ ಅಲ್ಗಾರಿದಮ್‌ಗಳು ಒಂದಕ್ಕೊಂದು ಸಂದೇಶ ಕಳಿಸದೆ ಸ್ಪರ್ಧೆಯ ಮಟ್ಟಕ್ಕಿಂತ ಹೆಚ್ಚಿನ ಬೆಲೆಯಲ್ಲಿ ನೆಲೆಗೊಂಡವು. ಬೆಲೆ ಇಳಿಸಿದ ಎದುರಾಳಿಯನ್ನು ಕೆಲಕಾಲ ದಂಡಿಸುವುದನ್ನೂ ಕಲಿತವು. ಒಪ್ಪಂದದ ಪುರಾವೆ ಹುಡುಕುವ ಕಾನೂನಿಗೆ ಇಲ್ಲಿ ಹಿಡಿಯಲು ಏನೂ ಸಿಗದು. ಅಪಾಯ ಬೆಲೆಗಷ್ಟೇ ಸೀಮಿತವಲ್ಲ: ಭಾಷಾ ಮಾದರಿ ಆಧಾರಿತ ಇಮೇಲ್ ಸಹಾಯಕಗಳ ನಡುವೆ ತನ್ನನ್ನೇ ನಕಲು ಮಾಡಿಕೊಂಡು ಹರಡುವ ದುರುದ್ದೇಶದ ಸೂಚನೆಯನ್ನು ಸಂಶೋಧಕರು 2024ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ.

2010ರ ಆ ಕುಸಿತ ನಿಂತದ್ದು ಹೇಗೆಂದು ನೋಡಿ: ಷಿಕಾಗೊದ ವಿನಿಮಯ ಕೇಂದ್ರ ಆ ಫ್ಯೂಚರ್ಸ್ ಕರಾರುಗಳ ವಹಿವಾಟನ್ನು 5 ಸೆಕೆಂಡು ನಿಲ್ಲಿಸಿತು. ಬೆಲೆ ಸ್ಥಿರಗೊಂಡು ಮತ್ತೆ ಏರತೊಡಗಿತು. ತಡೆ ಇದ್ದದ್ದು ಪ್ರೋಗ್ರಾಮ್‌ಗಳು ಕೂಡುವ ಜಾಗದಲ್ಲಿ. ನನ್ನ ವಾದದ ತಿರುಳು ಇದೇ. ಇಂದಿನ ಏಜೆಂಟ್‌ಗಳು ಇಮೇಲ್‌ನಲ್ಲಿ, ಜಾಲತಾಣಗಳಲ್ಲಿ, ಬೇರೆಬೇರೆ ಕಂಪನಿಗಳ ತಂತ್ರಾಂಶಗಳಲ್ಲಿ ಸಂಧಿಸುತ್ತವೆ. ಅಲ್ಲಿ ಒಟ್ಟು ವ್ಯವಹಾರವನ್ನು ನೋಡುವ ಕಣ್ಣಾಗಲಿ, ನಿಲ್ಲಿಸುವ ಅಧಿಕಾರವಾಗಲಿ ಒಂದೆಡೆ ಇಲ್ಲ. ಒಂದೊಂದೇ ಮಾದರಿಗೆ ಕೊಡುವ ಸುರಕ್ಷತಾ ಪ್ರಮಾಣಪತ್ರ ಈ ಕೊರತೆಯನ್ನು ತುಂಬದು. ಬೇರೆಬೇರೆ ಕಂಪನಿಗಳ ಏಜೆಂಟ್‌ಗಳನ್ನು ಬಿಡುಗಡೆಗೆ ಮುನ್ನ ಒಟ್ಟಿಗೆ ಬಿಟ್ಟು ಪರೀಕ್ಷಿಸುವುದು, ಯಾವ ಏಜೆಂಟ್ ಯಾರ ಪರವಾಗಿ ವರ್ತಿಸಿತೆಂಬ ದಾಖಲೆಯನ್ನು ಸಂಧಿಸುವ ಜಾಗದಲ್ಲೇ ಇಡುವುದು ಕಡ್ಡಾಯವಾಗಬೇಕು. ಇವೆರಡರಲ್ಲಿ ದಾಖಲೆಯೇ ಮೊದಲು ಬರಲಿ. ಅದಿಲ್ಲದೆ ಅವಘಡದ ಹೊಣೆ ಯಾರದೆಂದು ಯಾವ ತನಿಖೆಯೂ ಹೇಳಲಾರದು.