ಬಯಲುಸೀಮೆಯ ಪರ್ವತ: ಶ್ರೀಶೈಲದ ಕಾಲುದಾರಿಯ ಇತಿಹಾಸ

ಕಲಬುರಗಿ ಜಿಲ್ಲೆಯ ಬಹುಭಾಗವು ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿರುವ ಎರೆಮಣ್ಣಿನ ಬಯಲಾಗಿದ್ದು, ಚಿಂಚೋಳಿಯ ಕಾಡುಗುಡ್ಡಗಳನ್ನೂ ಕೆಂಪುಬಾಳೆಗೆ ಹೆಸರಾದ ಕಮಲಾಪುರದ ಕೆಮ್ಮಣ್ಣಿನ ದಿಬ್ಬಗಳನ್ನೂ ಬಿಟ್ಟರೆ ಇಲ್ಲಿ ಹತ್ತಿ ಏರುವಂಥ ಎತ್ತರ ಅಪರೂಪ. ಹೀಗಿದ್ದರೂ ಈ ಸೀಮೆಯ ಜನಜೀವನದಲ್ಲಿ ಪರ್ವತವೊಂದು ಶತಮಾನಗಳಿಂದ ನೆಲೆನಿಂತಿದೆ. ಪರ್ವತಪ್ಪ, ಪರ್ವತಮ್ಮ, ಮಲ್ಲಯ್ಯ ಎಂಬ ಹೆಸರುಗಳು ಇಲ್ಲಿನ ಮನೆಮನೆಗಳಲ್ಲಿ ಕೇಳಿಬರುವುದು ಆ ಕಾರಣಕ್ಕೆ. ಆ ಪರ್ವತವಿರುವುದು ನಾಲ್ಕುನೂರು ಕಿಲೋಮೀಟರಿನ ಆಸುಪಾಸಿನ ದೂರದಲ್ಲಿ, ಕೃಷ್ಣಾನದಿಯ ಬಲದಂಡೆಯ ನಲ್ಲಮಲ ಬೆಟ್ಟಸಾಲಿನಲ್ಲಿ; ಅದೇ ಮಲ್ಲಿಕಾರ್ಜುನನ, ಎಂದರೆ ಜನರ ಮಲ್ಲಯ್ಯನ, ಶ್ರೀಶೈಲ.

ಬಯಲಿಗೂ ಬೆಟ್ಟಕ್ಕೂ ಇರುವ ಈ ನಂಟನ್ನು ಪಂಚಾಂಗವೇ ತೋರಿಸುತ್ತದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, ಒಕ್ಕಲುತನ ಮಾಡಿ, ಮುಂದೆ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರ (1746–1822) ಜಾತ್ರೆ ಹೋಳಿಹುಣ್ಣಿಮೆ ಕಳೆದ ಐದನೆಯ ದಿನ ನಡೆಯುತ್ತದೆ. ಅಲ್ಲಿಂದ ಹತ್ತು ಹನ್ನೊಂದು ದಿನಕ್ಕೆ ಯುಗಾದಿ, ಶ್ರೀಶೈಲದಲ್ಲಿ ಕನ್ನಡಿಗರು ಅತಿ ಹೆಚ್ಚು ಸಂಖ್ಯೆಯಲ್ಲಿ ಕೂಡುವ ಹಬ್ಬ. ಸುಗ್ಗಿ ಮುಗಿದು ಹೊಲ ಬರಿದಾದ, ಮಳೆಗಾಲ ಇನ್ನೂ ದೂರವಿರುವ ಈ ಬಿಡುವಿನಲ್ಲಿ ಉತ್ತರ ಕರ್ನಾಟಕದ ರೈತಾಪಿ ಜನ ನಡೆಯಲು ಹೊರಡುತ್ತಾರೆ. ದಾರಿಗೆ ಬುತ್ತಿ ಕಟ್ಟಿಕೊಂಡರೂ ಅದು ದಾರಿಯುದ್ದಕ್ಕೂ ಸಾಲುವುದಿಲ್ಲವಾದ್ದರಿಂದ, ಊರೂರಿನಲ್ಲಿ ನಡೆಯುವವರಿಗೆ ಅನ್ನ, ಅಂಬಲಿ, ಮಜ್ಜಿಗೆ ಕೊಡುವ ವ್ಯವಸ್ಥೆ ಬೇಕಾಗುತ್ತದೆ. ಬಂದವರು ಯಾರೆಂದು ಕೇಳದೆ ಉಣಬಡಿಸುವ ದಾಸೋಹವನ್ನೇ ಧರ್ಮವೆಂದು ಬಾಳಿದ ಶರಣಬಸವೇಶ್ವರರ ಸಂಸ್ಥಾನ ಈ ಸೀಮೆಯಲ್ಲಿ ಬೆಳೆದದ್ದು ಇದೇ ಹಿನ್ನೆಲೆಯಲ್ಲಿ. ಬೆಟ್ಟದ ದಾರಿಯ ಇತಿಹಾಸವನ್ನು ಕಾಲಿನ ಬಲದಿಂದ ಅಳೆಯುವುದಕ್ಕಿಂತ ಅನ್ನದ ನೆಲೆಗಳಿಂದ ಅಳೆಯುವುದು ಹೆಚ್ಚು ಸರಿ.

ನಡಿಗೆ ಎಷ್ಟು ಹಳೆಯದು ಎಂಬುದಕ್ಕೆ ಕನ್ನಡ ಕಾವ್ಯದಲ್ಲಿಯೇ ಸುಳಿವುಗಳಿವೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ದನಗಾಹಿ ಬಾಲಕ ಸಿದ್ಧರಾಮನು ತನಗೆ ಕಾಣಿಸಿಕೊಂಡು ಕಣ್ಮರೆಯಾದ ಮಲ್ಲಯ್ಯನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಗುಂಪನ್ನು ಸೇರಿಕೊಳ್ಳುತ್ತಾನೆ. ಕಥೆಯ ಪವಾಡಗಳನ್ನು ಬದಿಗಿಟ್ಟು ನೋಡಿದರೂ, ಗುಂಪುಗೂಡಿ ಪರ್ವತಕ್ಕೆ ನಡೆಯುವುದು ಕವಿಯ ಕಾಲದ ಓದುಗರಿಗೆ ವಿವರಿಸಿ ಹೇಳಬೇಕಾದ ಸಂಗತಿಯಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲದ ಕದಳಿವನಕ್ಕೂ ಸಾಗಿದ ಅಕ್ಕಮಹಾದೇವಿಯ ನಡಿಗೆಯನ್ನೂ ಪರಂಪರೆ ಹೀಗೆಯೇ ನೆನೆಯುತ್ತದೆ. ಕ್ಷೇತ್ರಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ದ್ವಾರಗಳನ್ನು ಹೇಳುವ ರೂಢಿಯಿದ್ದು, ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಉತ್ತರಕ್ಕೆ ಉಮಾಮಹೇಶ್ವರ, ಪಶ್ಚಿಮಕ್ಕೆ ತುಂಗಭದ್ರೆಯ ದಡದ ಆಲಂಪುರ. ಕನ್ನಡ ನಾಡಿನಿಂದ ಹೋಗುವವರಿಗೆ ಹತ್ತಿರವಾದದ್ದು ಈ ಕೊನೆಯದು.

ದಾರಿಗೆ ಕಲ್ಲಿನ ರೂಪ ಬಂದದ್ದು 14ನೇ ಶತಮಾನದಲ್ಲಿ. 1325ರಿಂದ 1353ರವರೆಗೆ ಆಳಿದ ಕೊಂಡವೀಡಿನ ಪ್ರೋಲಯ ವೇಮಾರೆಡ್ಡಿಯು ಅಹೋಬಿಲಕ್ಕೂ ಶ್ರೀಶೈಲಕ್ಕೂ ಮೆಟ್ಟಿಲುಗಳನ್ನು ಕಟ್ಟಿಸಿದವನೆಂದು ಹೆಸರಾದನು. ದೇವಾಲಯದಿಂದ ಕೃಷ್ಣೆಯ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ 1393ರಲ್ಲಿ ಮಾಡಿಸಿದಳು. ವೇಮಾರೆಡ್ಡಿಯ ಆಳ್ವಿಕೆಯ ಕಾಲದಲ್ಲಿಯೇ, 1336ರ ಏಪ್ರಿಲ್‌ನಲ್ಲಿ, ಇಟಲಿಯ ಕವಿ ಪೆಟ್ರಾರ್ಕ್ ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನ ನಡುವೆ ಒಂಟಿಯಾಗಿ ಎದ್ದುನಿಂತ ವಾಂತೂ ಪರ್ವತವನ್ನು ತಮ್ಮನೊಡನೆ ಏರಿದ್ದಾಗಿ ಪತ್ರವೊಂದರಲ್ಲಿ ಬರೆದುಕೊಂಡನು. ಎತ್ತರದಿಂದ ಕಾಣುವ ನೋಟಕ್ಕಾಗಿಯೇ ಹತ್ತಿದೆನೆಂಬ ಅವನ ಮಾತಿನಿಂದಾಗಿ ಯುರೋಪಿನ ಪರ್ವತಾರೋಹಣದ ಇತಿಹಾಸವನ್ನು ಅನೇಕರು ಅಲ್ಲಿಂದ ಆರಂಭಿಸುತ್ತಾರೆ. ಆ ಪತ್ರ ಬಹಳ ತಡವಾಗಿ ರಚಿತವಾದುದೆಂಬ ವಾದವೂ ವಿದ್ವಾಂಸರಲ್ಲಿ ಉಂಟು. ಹತ್ತಿದವನ ಹೆಸರು ಅಲ್ಲಿ ಉಳಿಯಿತು, ಮೆಟ್ಟಿಲು ಕಟ್ಟಿಸಿದವರ ಹೆಸರು ಇಲ್ಲಿ ಉಳಿಯಿತು. ಶಿಖರವನ್ನು ಮೊದಲು ಮುಟ್ಟಿದವರು ಯಾರೆಂಬ ಪ್ರಶ್ನೆಯನ್ನೇ ಕೇಳದ ಸಮಾಜದ ಬೆಟ್ಟದ ಇತಿಹಾಸಕ್ಕೆ ಪೆಟ್ರಾರ್ಕ್‌ನ ಅಳತೆಗೋಲು ಹೊಂದುವುದಿಲ್ಲ.

ನೋಟದ ಹಂಬಲ ಇಲ್ಲಿ ಇರಲೇ ಇಲ್ಲವೆಂದು ಇದರ ಅರ್ಥವಲ್ಲ. ಸುಮಾರು 2,800 ಅಡಿ ಎತ್ತರದ ಶಿಖರೇಶ್ವರದಲ್ಲಿ ನಂದಿಯ ಕೊಂಬುಗಳ ನಡುವಿನಿಂದ ಕಣ್ಣು ಹಾಯಿಸಿ ದೂರದ ದೇಗುಲದ ಶಿಖರವನ್ನು ಹುಡುಕುವ ರೂಢಿಯಿದ್ದು, ಅದನ್ನು ಕಂಡವರಿಗೆ ಮರುಜನ್ಮವಿಲ್ಲವೆಂಬುದು ನಂಬಿಕೆ. ಆದರೆ ಆ ನೋಟ ಎತ್ತರದಿಂದ ಬಯಲನ್ನು ಕಾಣುವುದಕ್ಕಲ್ಲ, ದೇವರನ್ನು ಕಾಣುವುದಕ್ಕೆ.

ಕನ್ನಡ ನಡಿಗೆಗಾರರು ಇಂದಿಗೂ ಹಿಡಿಯುವ ಕಾಡುದಾರಿ ಆತ್ಮಕೂರಿನ ಬಳಿಯ ವೆಂಕಟಾಪುರದಲ್ಲಿ ಆರಂಭವಾಗಿ, ವೀರಭದ್ರನ ಗುಡಿಯಿರುವ ನಾಗಲೂಟಿ, ಚೆಂಚು ಆದಿವಾಸಿಗಳ ನೆಲೆಯಾದ ಪೆದ್ದಚೆರುವುಗಳನ್ನು ದಾಟಿ, ಭೀಮನ ಕೊಳ್ಳಕ್ಕೆ ಇಳಿದು, ಅಲ್ಲಿಂದ ಕಡಿದಾದ ಮೆಟ್ಟಿಲುಗಳನ್ನೇರಿ ಕೈಲಾಸದ್ವಾರವನ್ನು ಮುಟ್ಟುತ್ತದೆ. ಯಾತ್ರಿಕರಿಗೆ ಶ್ರೀಶೈಲದ ಸೀಮೆಯನ್ನು ಹೊಕ್ಕಂತಾಗುವುದು ಇಲ್ಲಿ. ಹಲವು ಊರುಗಳ ಗುಂಪುಗಳು ಮಲ್ಲಯ್ಯನ ಕಂಬಿಯನ್ನು, ಎಂದರೆ ಹೆಗಲ ಮೇಲೆ ಹೊರುವ ಅಲಂಕೃತ ಬಿದಿರನ್ನು, ಮುಂದಿಟ್ಟುಕೊಂಡು ನಡೆಯುತ್ತವೆ; ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ದಾರಿ ಸವೆಸುತ್ತಾರೆ. ಶ್ರೀಶೈಲದ ದೇವಿ ಭ್ರಮರಾಂಬೆಯನ್ನು ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುವ ಕನ್ನಡಿಗರು ಅವಳಿಗೆ ಸೀರೆ, ಕುಪ್ಪಸ, ಅರಿಸಿನ, ಕುಂಕುಮಗಳನ್ನು ತೌರಿನ ಉಡುಗೊರೆಯಾಗಿ ಒಯ್ಯುತ್ತಾರೆ. ಚೆಂಚುಗಳು ತಮ್ಮ ಕುಲದ ಹುಡುಗಿಯನ್ನು ವರಿಸಿದವನೆಂದು ಅದೇ ದೇವರನ್ನು ಚೆಂಚು ಮಲ್ಲಯ್ಯನೆಂದು ಕರೆಯುವುದರಿಂದ, ಮಲ್ಲಯ್ಯನು ಬಯಲಿಗೂ ಕಾಡಿಗೂ ಅಳಿಯನೇ ಆಗಿದ್ದಾನೆ.

1794ರಲ್ಲಿ ಶ್ರೀಶೈಲಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಭೂಮಾಪಕ ಕಾಲಿನ್ ಮೆಕೆಂಜಿ ಬರೆದ ವರದಿ ಏಷಿಯಾಟಿಕ್ ಸೊಸೈಟಿಯ ಸಂಶೋಧನಾ ಸಂಪುಟದಲ್ಲಿ ಅಚ್ಚಾಯಿತು. ಅದಾದ ಮೇಲಿನ ಬದಲಾವಣೆಗಳಲ್ಲಿ ದೊಡ್ಡವು 20ನೇ ಶತಮಾನದವು: ಡೋರನಾಳದ ಘಾಟಿಯ ಮೋಟಾರು ರಸ್ತೆ ನಡಿಗೆಯ ಅನಿವಾರ್ಯತೆಯನ್ನು ತೆಗೆದುಹಾಕಿತು, ಶ್ರೀಶೈಲ ಅಣೆಕಟ್ಟಿನ ಹಿನ್ನೀರು ನದಿಯಂಚಿನ ಹಳೆಯ ಊರುಗಳನ್ನೂ ಗುಡಿಗಳನ್ನೂ ಮುಳುಗಿಸಿದ್ದರಿಂದ ಕೂಡವೆಲ್ಲಿಯ ಸಂಗಮೇಶ್ವರ ದೇಗುಲವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರುಕಟ್ಟಬೇಕಾಯಿತು, ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಕಾಡುದಾರಿ ಶಿವರಾತ್ರಿ, ಯುಗಾದಿಗಳ ಹೊತ್ತಿಗೆ ಅರಣ್ಯ ಇಲಾಖೆಯ ಕಟ್ಟಳೆಗಳಿಗೆ ಒಳಪಟ್ಟು ತೆರೆಯುವಂತಾಯಿತು. ಬಸ್ಸು ಬಂದ ಮೇಲೂ ನಡಿಗೆ ನಿಲ್ಲದಿರುವುದು ಗಮನಾರ್ಹ.

ಇಂಥ ಕಾಲುದಾರಿಗಳನ್ನು ದಾಖಲಿಸಿಟ್ಟ ಮಾದರಿ ಬೇರೆಡೆ ಇದೆ: ಫ್ರಾನ್ಸಿನಲ್ಲಿ 1947ರಲ್ಲಿ ರಾಷ್ಟ್ರೀಯ ಸಮಿತಿಯೊಂದು ರಚನೆಯಾಗಿ ಹಳ್ಳಿಗಾಡಿನ ಹಳೆಯ ಕಾಲುದಾರಿಗಳನ್ನು ಜೋಡಿಸಿ, ಕೆಂಪು-ಬಿಳಿ ಪಟ್ಟಿಗಳಿಂದ ಗುರುತಿಸಿ, ನಕ್ಷೆಗೆ ಏರಿಸುವ ಕೆಲಸ ಆರಂಭವಾಯಿತು. ಶ್ರೀಶೈಲದ ದಾರಿಯಲ್ಲಿ ನಲ್ಲಮಲದೊಳಗಿನ ತುಂಡಿಗೆ ಶಾಸನ, ಮೆಟ್ಟಿಲು, ಗುಡಿಗಳ ಸಾಕ್ಷ್ಯವಿದೆ. ಬಯಲಿನ ಉದ್ದನೆಯ ತುಂಡಿಗೆ ಮಾತ್ರ ಕಲ್ಲಿನ ಗುರುತುಗಳಿಗಿಂತ ಬಾವಿ, ಮಠ, ಮರದಡಿ, ದಾಸೋಹದ ಮನೆಗಳೇ ಗುರುತು, ಮತ್ತು ಅವುಗಳ ಸರಣಿ ವರ್ಷವರ್ಷ ನಡೆಯುವ ಹಿರಿಯರ ನೆನಪಿನಲ್ಲಿದೆ. ಕಲಬುರಗಿ, ವಿಜಯಪುರ, ಬಾಗಲಕೋಟೆಗಳ ವಿದ್ವಾಂಸರು ಕಂಬಿಯ ಗುಂಪುಗಳೊಡನೆ ಒಂದು ಯುಗಾದಿಗೆ ನಡೆದು, ಆ ತಂಗುದಾಣಗಳನ್ನು ಊರು, ಮನೆತನಗಳ ಹೆಸರಿನೊಡನೆ ಬರೆದಿಟ್ಟುಕೊಳ್ಳಬೇಕು.